ಹಳೆಯ ಗಣಕಯಂತ್ರಕ್ಕೆ ಹೊಸ ಸ್ಮರಣಶಕ್ತಿ

ಸುಗ್ಗಿ ಮುಗಿದ ಮೇಲೆ ಇಂಡಿ, ಸಿಂದಗಿ ಸೀಮೆಯ ಬಿಳಿಜೋಳದ ಹೊಲಗಳಲ್ಲಿ ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಹಕ್ಕಲಾಯುವದನ್ನು ಕಾಣದವರು ನಮ್ಮ ವಾಚಕರಲ್ಲಿ ವಿರಳ. ಬೋವಜನ ಹೊಲದಲ್ಲಿ ರೂತಳು ಆಯ್ದ ತೆನೆಗಳೂ ಇಂಥವೇ. ಅವು ಒಡೆಯನ ಕಣಕ್ಕೆ ಸೇರಲಿಲ್ಲ. ಹಾಗೆಂದು ಮಣ್ಣುಪಾಲಾಗಲೂ ಇಲ್ಲ. ಗಣಕಯಂತ್ರದ ವಿಷಯವನ್ನು ಬರೆಯಹೊರಟವರಿಗೆ ಹಕ್ಕಲದ ಮಾತೇಕೆಂದು ಯಾರಾದರೂ ಕೇಳಿಯಾರು. ಕಾರಣವಿಷ್ಟೇ: ನಾವು ಗಣಕಯಂತ್ರದ ಮುಂದೆ ಕುಳಿತು ಒಂದು ಪತ್ರವನ್ನು ಬರೆಯುವಾಗಲಾಗಲಿ, ಅಂಕಪಟ್ಟಿಯನ್ನು ತಯಾರಿಸುವಾಗಲಾಗಲಿ, ಆ ಯಂತ್ರದ ಶಕ್ತಿಯಲ್ಲಿ ತೀರ ಅಲ್ಪಭಾಗವು ಮಾತ್ರ ಬಳಕೆಗೆ ಬರುವದು. ಒಂದು ಅಕ್ಷರವನ್ನೊತ್ತಿ ಇನ್ನೊಂದನ್ನು ಒತ್ತುವ ನಡುವೆ ಅದು ಲಕ್ಷಾಂತರ ಲೆಕ್ಕಗಳನ್ನು ಮಾಡಬಲ್ಲುದು. ಮಾಡಲು ಕೆಲಸವಿಲ್ಲದ್ದರಿಂದ ಸುಮ್ಮನಿರುವದು. ಹೀಗೆ ಉದುರಿಹೋಗುವ ಕ್ಷಣಗಳನ್ನು ಆಯ್ದು ಒಂದೆಡೆ ಕೂಡಿಸಿ, ಶಾಸ್ತ್ರಜ್ಞರ ದೊಡ್ಡ ಲೆಕ್ಕಗಳಿಗೆ ಸಲ್ಲಿಸುವ ಏರ್ಪಾಡೊಂದುಂಟು. ಅದನ್ನು ನಾವು ಹಂಚಿಕೆಯ ಗಣನೆಯೆಂದು ಕರೆಯುವೆವು.

ಈ ವಿಷಯವನ್ನು ಈಗ ಎತ್ತಿಕೊಳ್ಳುವದಕ್ಕೆ ನಿಮಿತ್ತವಿದೆ. ವಿಂಡೋಸ್ ೧೦ ಎಂಬ ಕಾರ್ಯವ್ಯವಸ್ಥೆಗೆ ಅದರ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಆಧಾರವು ೨೦೨೫ನೆಯ ಇಸವಿ ಅಕ್ಟೋಬರ ೧೪ಕ್ಕೆ ಮುಗಿಯಿತು. ಅದರ ಮುಂದಿನ ವ್ಯವಸ್ಥೆಯನ್ನು ಹೊರಲಾರದ ಯಂತ್ರಗಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯ ಮನೆಗಳಲ್ಲಿ, ಅಂಗಡಿಗಳಲ್ಲಿ, ಶಾಲೆಗಳಲ್ಲಿ ಬಟ್ಟೆ ಹೊದ್ದು ಮೂಲೆ ಸೇರುತ್ತಿವೆ. ಹಳೆಯ ವಿದ್ಯಾರ್ಥಿನಿಯರು ಅಂಥ ಯಂತ್ರಗಳನ್ನು ತಾವು ಕಲಿತ ಶಾಲೆಗೆ ದಾನವಾಗಿ ಕೊಡಲು ಮುಂದಾಗುವದೂ ಉಂಟು. ಇವನ್ನು ತೂಕಕ್ಕೆ ಹಾಕಿ ಮಾರಬೇಕೋ, ಅಥವಾ ಅಲ್ಪ ಖರ್ಚಿನಿಂದ ಅವುಗಳ ಸ್ಮರಣಶಕ್ತಿಯನ್ನು ಹೆಚ್ಚಿಸಿ ಮಕ್ಕಳ ಪಾಠಕ್ಕೂ ಜಗತ್ತಿನ ಲೆಕ್ಕಕ್ಕೂ ಹಚ್ಚಬೇಕೋ ಎಂಬುದು ಕೇವಲ ಯಂತ್ರದ ಪ್ರಶ್ನೆಯಲ್ಲ. ಮನೆಯಲ್ಲಿ ಗಣಕಯಂತ್ರವಿಲ್ಲದ ಹುಡುಗಿಗೆ ಶಾಲೆಯ ಯಂತ್ರವೇ ಗತಿ.

ಮೊದಲು ಹಂಚಿಕೆಯ ರೀತಿಯನ್ನು ತಿಳಿಯೋಣ. ನಮ್ಮ ಒಕ್ಕಲು ಮನೆತನಗಳಲ್ಲಿ ಮುಯ್ಯಾಳಿನ ಪದ್ಧತಿಯಿದೆ. ಒಬ್ಬನ ಹೊಲದ ಕೆಲಸವು ಒಬ್ಬನಿಂದ ತೀರದೆಂದು ಕಂಡಾಗ ಓಣಿಯವರೆಲ್ಲ ಬಂದು ತಲೆಗೊಂದು ಸಾಲು ಹಿಡಿಯುವರು. ಹಂಚಿಕೆಯ ಗಣನೆಯಲ್ಲಿಯೂ ಅದೇ ಪರಿ. ಶಾಸ್ತ್ರಜ್ಞರ ಮುಖ್ಯ ಯಂತ್ರವು ದೊಡ್ಡ ಲೆಕ್ಕವನ್ನು ಸಾವಿರಾರು ತುಂಡುಗಳಾಗಿ ಒಡೆದು, ಒಂದೊಂದು ತುಂಡನ್ನು ಒಬ್ಬೊಬ್ಬ ಸ್ವಯಂಸೇವಕರ ಯಂತ್ರಕ್ಕೆ ಅಂತರ್ಜಾಲದ ಮೂಲಕ ಕಳಿಸುವದು. ನಮ್ಮ ಯಂತ್ರವು ಅದನ್ನು ಬಿಡುವಿನಲ್ಲಿ ಬಿಡಿಸಿ, ಗೊತ್ತುಮಾಡಿದ ದಿನದೊಳಗೆ ಉತ್ತರವನ್ನು ಮರಳಿಸುವದು. ಎಲ್ಲಿಯೋ ಇರುವ ಅಪರಿಚಿತ ಯಂತ್ರದ ಉತ್ತರವನ್ನು ನಂಬುವದು ಹೇಗೆ? ಇದಕ್ಕೂ ಉಪಾಯವಿದೆ. ಅನೇಕ ಯೋಜನೆಗಳಲ್ಲಿ ಒಂದೇ ತುಂಡನ್ನು ಇಬ್ಬರಿಗೆ ಕಳಿಸಿ ಎರಡೂ ಉತ್ತರಗಳು ಕೂಡುವವೋ ಇಲ್ಲವೋ ನೋಡುವರು. ಕೂಡದಿದ್ದರೆ ಮೂರನೆಯವರಿಗೆ ಕಳಿಸುವರು. ಈ ಎಲ್ಲ ವ್ಯವಹಾರವನ್ನು ನಮ್ಮ ಯಂತ್ರದಲ್ಲಿ ಕುಳಿತು ನಡಿಸುವ ಉಚಿತ ತಂತ್ರಾಂಶಕ್ಕೆ ಬೋಯಿಂಕ್ ಎಂದು ಹೆಸರು. ಅದು ಅಮೇರಿಕೆಯ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು.

ಲೆಕ್ಕವನ್ನು ಹಂಚಿಕೊಂಡು ಮಾಡುವ ಯುಕ್ತಿಯು ಯಂತ್ರಗಳಿಗಿಂತ ಹಳೆಯದು, ಮತ್ತು ಅದರ ಚರಿತ್ರೆಯಲ್ಲಿ ಸ್ತ್ರೀಯರ ಪಾಲು ದೊಡ್ಡದು. ೧೭೫೭ರಲ್ಲಿ ಹ್ಯಾಲಿಯ ಧೂಮಕೇತುವು ಯಾವಾಗ ಮರಳಿ ಬರುವದೆಂದು ಗೊತ್ತುಮಾಡಲು ಫ್ರಾನ್ಸ ದೇಶದ ಕ್ಲೇರೋ ಎಂಬ ಗಣಿತಜ್ಞನು ಹೊರಟನು. ಗುರು, ಶನಿ ಗ್ರಹಗಳ ಸೆಳೆತವನ್ನು ಹೆಜ್ಜೆಹೆಜ್ಜೆಗೆ ಎಣಿಸಬೇಕಾದ ಆ ಲೆಕ್ಕವು ಒಬ್ಬನ ಕೈಗೆ ಮೀರಿದ್ದು. ಅದರ ದುಡಿತವನ್ನು ಲಲಾಂದನೂ ನಿಕೋಲ್ ರೇನ್ ಲಪೋತ್ ಎಂಬ ಮಹಿಳೆಯೂ ಹಂಚಿಕೊಂಡು ತಿಂಗಳುಗಟ್ಟಲೆ ಮೇಜಿನ ಎದುರಿಗೆ ಕುಳಿತು ಮಾಡಿದರು. ಧೂಮಕೇತುವು ೧೭೫೯ರ ಏಪ್ರಿಲ ನಡುವಿಗೆ ಸೂರ್ಯನ ಸಮೀಪಕ್ಕೆ ಬರುವದೆಂದು, ಒಂದು ತಿಂಗಳು ಹಿಂದುಮುಂದಾಗಬಹುದೆಂದು ಅವರು ಸಾರಿದರು. ಅದು ಮಾರ್ಚ ೧೩ಕ್ಕೆ ಬಂತು. ಆದರೆ ಕ್ಲೇರೋ ತನ್ನ ಗ್ರಂಥವನ್ನು ಅಚ್ಚುಮಾಡಿಸಿದಾಗ ಆ ಮಹಿಳೆಯ ಹೆಸರನ್ನು ಬಿಟ್ಟುಬಿಟ್ಟನು. ಲಲಾಂದನು ಬರೆದಿಟ್ಟದ್ದರಿಂದ ಅದು ಉಳಿಯಿತು. ಮುಂದೆ ಹಾರ್ವರ್ಡ ವೇಧಶಾಲೆಯಲ್ಲಿ ನಕ್ಷತ್ರಗಳ ಗಾಜಿನ ಚಿತ್ರಗಳನ್ನು ಅಳೆದು ಎಣಿಸಿದವರು ಹೆಂಗಸರೇ. ಆಗ ಕಂಪ್ಯೂಟರ್ ಎಂಬುದು ಯಂತ್ರದ ಹೆಸರಾಗಿರಲಿಲ್ಲ, ಅವರ ಉದ್ಯೋಗದ ಹೆಸರಾಗಿತ್ತು. ಅಂಥವರಲ್ಲೊಬ್ಬಳಾದ ಹೆನ್ರಿಯೆಟಾ ಲೆವಿಟ್ ೧೯೧೨ರಲ್ಲಿ ಪ್ರಕಟಿಸಿದ ನಿಯಮದಿಂದಲೇ ದೂರದ ನಕ್ಷತ್ರಮಂಡಲಗಳ ಅಂತರವನ್ನು ಅಳೆಯುವ ದಾರಿ ತೆರೆಯಿತು. ೧೯೪೬ರಲ್ಲಿ ಎನಿಯಾಕ್ ಯಂತ್ರವನ್ನು ಜನರಿಗೆ ತೋರಿಸಿದಾಗ ಅದಕ್ಕೆ ಲೆಕ್ಕದ ಕ್ರಮವನ್ನು ಕಲಿಸಿದ್ದವರು ಆರು ಮಂದಿ ತರುಣಿಯರು. ಅವರ ಹೆಸರು ಲೋಕಕ್ಕೆ ತಿಳಿಯಲು ಹಲವು ದಶಕಗಳೇ ಹಿಡಿದವು. ಲೀಲಾವತಿಯ ಕರ್ತೃವಾದ ಭಾಸ್ಕರಾಚಾರ್ಯನ ವಿಜ್ಜಡವಿಡವು ನಮ್ಮ ವಿಜಾಪುರವೇ ಎಂದು ಕೆಲವರ ಮತ, ಒಪ್ಪದವರೂ ಉಂಟು. ಅದೇನೇ ಇರಲಿ, ಲೆಕ್ಕದ ಗ್ರಂಥವೊಂದಕ್ಕೆ ಹೆಣ್ಣಿನ ಹೆಸರು ಬಂದ ನಾಡು ನಮ್ಮದು.

ಯಂತ್ರಗಳ ಹಂಚಿಕೆಗೆ ಬರೋಣ. ಇದನ್ನು ಮನೆಮಾತಾಗಿ ಮಾಡಿದ್ದು ೧೯೯೯ರ ಮೇ ೧೭ರಂದು ಮೊದಲಾದ ಸೆಟಿ ಅಟ್ ಹೋಮ್ ಎಂಬ ಯೋಜನೆ. ಆಕಾಶದಿಂದ ಬರುವ ರೇಡಿಯೋ ಸದ್ದಿನಲ್ಲಿ ಬುದ್ಧಿಯುಳ್ಳ ಬೇರೆ ಜೀವಿಗಳ ಸುಳಿವನ್ನು ಹುಡುಕುವದು ಅದರ ಉದ್ದೇಶ. ಸುಳಿವೇನೂ ಸಿಗಲಿಲ್ಲ, ೨೦೨೦ರ ಮಾರ್ಚ ೩೧ರಿಂದ ಹೊಸ ಕೆಲಸವನ್ನು ಕಳಿಸುವದನ್ನು ಅವರು ನಿಲ್ಲಿಸಿದರು. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ಲಕ್ಷಾಂತರ ಮನೆಗಳ ಯಂತ್ರಗಳನ್ನು ಒಂದು ನೊಗಕ್ಕೆ ಹೂಡಬಹುದೆಂಬುದು ಸಿದ್ಧವಾಯಿತು. ೨೦೦೫ರಲ್ಲಿ ಆರಂಭವಾದ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಗೆ ೨೦೧೦ರಲ್ಲಿ ಫಲ ದೊರೆಯಿತು. ಆರೆಸಿಬೋದ ದೂರದರ್ಶಕವು ೨೦೦೭ರಲ್ಲಿ ಹಿಡಿದಿಟ್ಟ ಸಂಕೇತಗಳೊಳಗೆ, ಸೆಕೆಂದಿಗೆ ಸುಮಾರು ೪೧ ಸಾರೆ ಬುಗುರಿಯಂತೆ ತಿರುಗುವ ಒಂದು ಮೃತ ನಕ್ಷತ್ರವು ಕಂಡಿತು. ಕಂಡುಹಿಡಿದವು ಅಮೇರಿಕೆಯ ಅಯೋವಾ ಪ್ರಾಂತದ ದಂಪತಿಗಳ ಯಂತ್ರವೂ ಜರ್ಮನಿಯ ಮೈಂಟ್ಸ್ ಪಟ್ಟಣದ ಒಬ್ಬರ ಯಂತ್ರವೂ. ಒಂದೇ ತುಂಡನ್ನು ಇಬ್ಬರಿಗೆ ಕಳಿಸುವ ಪದ್ಧತಿಯನ್ನು ಮೇಲೆ ಹೇಳಿದೆವಷ್ಟೆ. ಅದರಿಂದಲೇ ಒಂದು ನಕ್ಷತ್ರಕ್ಕೆ ಇಬ್ಬರು ಸಾಕ್ಷಿಗಳಾದರು. ಆರೆಸಿಬೋದ ಆ ದೂರದರ್ಶಕವು ೨೦೨೦ರ ಡಿಸೆಂಬರ ೧ರಂದು ಕುಸಿದುಬಿತ್ತು. ಅದು ಕೂಡಿಟ್ಟ ಸಂಕೇತಗಳು ಉಳಿದಿವೆ.

ಕೋವಿಡ್ ಕಾಲದಲ್ಲಿ ಮನೆಯೊಳಗೆ ಸಿಕ್ಕಿಬಿದ್ದ ಜನರು ಫೋಲ್ಡಿಂಗ್ ಅಟ್ ಹೋಮ್ ಎಂಬ ಯೋಜನೆಗೆ ತಮ್ಮ ಯಂತ್ರಗಳನ್ನು ಒಪ್ಪಿಸಿದರು. ಪ್ರೋಟೀನುಗಳು ಹೇಗೆ ಮಡಚಿಕೊಳ್ಳುವವು, ಹೇಗೆ ಅಲುಗಾಡುವವು ಎಂಬುದನ್ನು ಎಣಿಸುವ ಈ ಯೋಜನೆಯು ೨೦೦೦ದಲ್ಲಿ ಹುಟ್ಟಿದ್ದು. ಬೋಯಿಂಕನ್ನು ಬಳಸದೆ ತನ್ನದೇ ತಂತ್ರಾಂಶವನ್ನು ಇಟ್ಟುಕೊಂಡಿದೆ. ೨೦೨೦ರ ಏಪ್ರಿಲದಲ್ಲಿ ಅದರ ಒಟ್ಟು ವೇಗವು ಎರಡು ಎಕ್ಸಾಫ್ಲಾಪನ್ನು ಮೀರಿತು. ಒಂದು ಎಕ್ಸಾಫ್ಲಾಪೆಂದರೆ ಸೆಕೆಂದಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಮಹಾಗಣಕದ ಶಕ್ತಿ ೩.೩ ಪೆಟಾಫ್ಲಾಪ್. ಅಳತೆಯ ರೀತಿಗಳು ಬೇರೆಬೇರೆಯಾದ್ದರಿಂದ ಕೂದಲೆಳೆಯ ಹೋಲಿಕೆ ಸಲ್ಲದು. ಆದರೂ ಸಾಮಾನ್ಯ ಜನರ ಯಂತ್ರಗಳ ಕೂಟವು ಅದಕ್ಕಿಂತ ಸುಮಾರು ಆರುನೂರು ಪಟ್ಟು ದೊಡ್ಡದಾಗಿತ್ತೆಂದು ಲೆಕ್ಕ ತೋರಿಸುವದು.

ನಮ್ಮ ಸೀಮೆಗೆ ಹತ್ತಿರದ ವಿಷಯ ಮಳೆಯದು. ಆಕ್ಸ್‌ಫರ್ಡ ವಿಶ್ವವಿದ್ಯಾಲಯದಿಂದ ೨೦೦೩ರಲ್ಲಿ ಮೊದಲಾದ ಹವಾಮಾನ ಯೋಜನೆಯೊಂದು, ಭೂಮಿಯ ಗಾಳಿ, ಕಡಲು, ಬಿಸಿಲುಗಳ ಪ್ರತಿರೂಪವನ್ನು ಗಣಿತದಿಂದ ಕಟ್ಟಿ ಸ್ವಯಂಸೇವಕರ ಯಂತ್ರಗಳಲ್ಲಿ ಓಡಿಸುವದು. ಇಂಗಾಲಾಮ್ಲವು ಇಮ್ಮಡಿಯಾದರೆ ಭೂಮಿಯು ಎಷ್ಟು ಕಾಯುವದೆಂಬುದನ್ನು ಒಂದೇ ಸಾರೆ ಎಣಿಸಿ ಕೈಬಿಟ್ಟರೆ ಆ ಉತ್ತರಕ್ಕೆ ಬೆಲೆಯಿಲ್ಲ. ಆರಂಭದ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಸಾವಿರಾರು ಸಾರೆ ಎಣಿಸಬೇಕು. ೨೦೦೫ರಲ್ಲಿ ಪ್ರಕಟವಾದ ಅವರ ಮೊದಲ ಫಲಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಎಣಿಕೆಗಳಿದ್ದವು. ಉತ್ತರಗಳು ಎರಡು ಡಿಗ್ರಿಗಿಂತ ಕಡಿಮೆಯಿಂದ ಹಿಡಿದು ಹನ್ನೊಂದು ಡಿಗ್ರಿಗೂ ಮೇಲೆ ಹರಡಿದ್ದವು. ದಕ್ಷಿಣ ಏಷ್ಯದ ಬಿಸಿಲುಮಳೆಗಳನ್ನು ಕುರಿತ ಎಣಿಕೆಗಳೂ ಈ ಯೋಜನೆಯಲ್ಲಿ ನಡೆದಿವೆ. ಆಲಮಟ್ಟಿಯ ನೀರು ಕಣ್ಣೆದುರಿಗೆ ನಿಂತರೂ ಮುಗಿಲು ನೋಡಿ ಬಿತ್ತುವ ಒಕ್ಕಲುಮಗನ ಮನೆಯಿಂದ ಬಂದ ಹುಡುಗಿಗೆ ಇಂಥ ಲೆಕ್ಕವು ಪರರದೆನಿಸದು.

ಇನ್ನು ಸ್ಮರಣಶಕ್ತಿಯ ಪಾಠ. ಗಣಕಯಂತ್ರದಲ್ಲಿ ಎರಡು ತರದ ಸಂಗ್ರಹಗಳಿವೆ; ಇವೆರಡನ್ನು ಜನರು ಸದಾ ಕಲಸಿಬಿಡುವರು. ಒಂದು ಡಿಸ್ಕು. ಅದು ಹಗೇವಿನ ಹಾಗೆ: ಹೆಚ್ಚು ಹಿಡಿಸುವದು, ಬಹುಕಾಲ ಕಾಯುವದು, ಆದರೆ ತೆಗೆಯಲು ತಡ. ಇನ್ನೊಂದು ರ್‍ಯಾಮ್, ಅಂದರೆ ಕೆಲಸದ ಸ್ಮೃತಿ. ಅದು ರೊಟ್ಟಿಯ ಹಿಟ್ಟು ನಾದುವ ಪರಾತದ ಹಾಗೆ. ಹಗೇವಿನಲ್ಲಿ ನೂರು ಚೀಲ ಜೋಳವಿದ್ದರೂ ಪರಾತವು ಸಣ್ಣದಿದ್ದರೆ ಒಂದು ಹೊತ್ತಿಗೆ ನಾಲ್ಕೇ ರೊಟ್ಟಿ. ಪರಾತ ತುಂಬಿಹೋದಾಗ ಯಂತ್ರವು ಸ್ವಲ್ಪ ಹಿಟ್ಟನ್ನು ಹಗೇವಿಗೆ ಸುರಿದು, ಬೇಕಾದಾಗ ಮತ್ತೆ ತರುವದು. ಹಳೆಯ ತಿರುಗುವ ಡಿಸ್ಕಿನಿಂದ ಒಂದು ಅಂಕಿಯನ್ನು ತರಲು, ಸ್ಮೃತಿಯಿಂದ ತರುವದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು ಕಾಲ ಬೇಕು. ಹಳೆಯ ಯಂತ್ರವು ತೇಕುವದು, ಕರಕರ ಸದ್ದುಮಾಡುವದು ಬಹುಮಟ್ಟಿಗೆ ಈ ಓಡಾಟದಿಂದಲೇ; ಅದರ ಮೆದುಳು ಮುದಿಯಾದದ್ದರಿಂದಲ್ಲ.

ಸ್ಮೃತಿಯ ಒಳಗಿನ ರಚನೆಯೂ ವಿಚಿತ್ರವಾದದ್ದು. ೧೯೬೮ರಲ್ಲಿ ಐ.ಬಿ.ಎಮ್. ಕಂಪನಿಯ ರಾಬರ್ಟ್ ಡೆನಾರ್ಡ್ ಎಂಬವನು ಪೇಟೆಂಟ್ ಪಡೆದ ಯುಕ್ತಿಯೇ ಇಂದಿಗೂ ನಡೆದಿದೆ. ಒಂದೊಂದು ಅಂಕಿಗೆ ಒಂದು ಟ್ರಾನ್ಸಿಸ್ಟರು, ಒಂದು ಸಣ್ಣ ಕೆಪ್ಯಾಸಿಟರು. ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಅದು ತೂತಿನ ಕೊಡ, ವಿದ್ಯುತ್ತು ಸೋರಿಹೋಗುವದು. ಅದಕ್ಕಾಗಿ ಸೆಕೆಂದಿನ ಹದಿನೈದನೆಯ ಒಂದು ಭಾಗವೂ ತುಂಬುವದರೊಳಗೆ ಪ್ರತಿಯೊಂದು ಕೊಡವನ್ನೂ ಓದಿ ಮತ್ತೆ ತುಂಬಬೇಕು. ಕರೆಂಟು ಹೋದೊಡನೆ ಸ್ಮೃತಿಯಲ್ಲಿದ್ದದ್ದೆಲ್ಲ ಅಳಿಯುವದು ಈ ಕಾರಣದಿಂದ.

ಇದಕ್ಕೂ ಹಿಂದೆ ಸ್ಮೃತಿಯನ್ನು ಕೈಯಿಂದ ನೇಯುತ್ತಿದ್ದರೆಂದರೆ ಮುದ್ದೇಬಿಹಾಳದ ವಾಚಕರಿಗೆ ಸಂತೋಷವಾದೀತು. ಹೊಳೆಯ ಆಚೆಗೆ ಇಳಕಲ್ಲಿನ ಮಗ್ಗಗಳಿವೆಯಷ್ಟೆ. ಚಂದ್ರನಿಗೆ ಹೋದ ಅಪೋಲೋ ನೌಕೆಗಳ ಗಣಕದಲ್ಲಿ, ಬದಲಾಗದ ಆಜ್ಞೆಗಳನ್ನೆಲ್ಲ ಸಣ್ಣ ಸಣ್ಣ ಕಾಂತದ ಬಳೆಗಳೊಳಗೆ ತಂತಿಯನ್ನು ಪೋಣಿಸಿ ಬರೆದಿದ್ದರು. ತಂತಿಯು ಬಳೆಯೊಳಗೆ ಹಾಯ್ದರೆ ಒಂದು, ಹೊರಗಿನಿಂದ ಹೋದರೆ ಸೊನ್ನೆ. ಅಮೇರಿಕೆಯ ವಾಲ್ತಾಮ್ ಊರಿನ ಕಾರಖಾನೆಯಲ್ಲಿ ಈ ಕೆಲಸವನ್ನು ಮಾಡಿದವರು ಹೆಂಗಸರು. ಒಂದು ಎಳೆ ತಪ್ಪಿದರೆ ಆಜ್ಞೆಯೇ ತಪ್ಪು. ಹಾಗೆ ನೇಯ್ದ ಸ್ಮೃತಿಯು ಒಟ್ಟಿಗೆ ೩೬,೮೬೪ ಪದಗಳು, ಅಂದರೆ ಸುಮಾರು ೭೨ ಕಿಲೋಬೈಟು. ಇಂದು ಬೆರಳುದ್ದದ ಪಟ್ಟಿಯಲ್ಲಿ ಸಿಗುವ ನಾಲ್ಕು ಗಿಗಾಬೈಟು ಅದರ ೫೮ ಸಾವಿರ ಪಟ್ಟಿಗೂ ಹೆಚ್ಚು. ಇಷ್ಟಿದ್ದೂ ನಮಗೆ ಸಾಲದು.

ಸಾಲದೇಕೆ? ಲೆಕ್ಕ ಹಾಕಿ ನೋಡೋಣ. ಎರಡು ಗಿಗಾಬೈಟ್ ಸ್ಮೃತಿಯುಳ್ಳ, ನಾಲ್ಕು ತಿರುಳುಗಳ ಒಂದು ಯಂತ್ರವಿದೆಯೆನ್ನಿ. ತಿರುಳೆಂದರೆ ಲೆಕ್ಕ ಮಾಡುವ ಅಂಗ. ನಾಲ್ಕು ತಿರುಳುಗಳಿದ್ದರೆ ನಾಲ್ಕು ಆಳು ಇದ್ದಂತೆ. ಬೋಯಿಂಕ್ ಒಂದೊಂದು ತಿರುಳಿಗೆ ಒಂದೊಂದು ತುಂಡನ್ನು ಕೊಡುವದು. ನಾವು ಯಂತ್ರವನ್ನು ಬಳಸುತ್ತಿರುವಾಗ, ಬೇರೆ ರೀತಿ ಹೇಳದಿದ್ದರೆ, ಅದು ಸ್ಮೃತಿಯ ಅರ್ಧಕ್ಕಿಂತ ಹೆಚ್ಚನ್ನು ಮುಟ್ಟದು. ಯಂತ್ರವು ಸುಮ್ಮನಿದ್ದಾಗ ನೂರಕ್ಕೆ ತೊಂಬತ್ತರವರೆಗೆ ತೆಗೆದುಕೊಳ್ಳುವದು. ಆದ್ದರಿಂದ ಅದಕ್ಕೆ ಸಿಗುವದು ಒಂದು ಗಿಗಾಬೈಟು. ಒಂದು ತುಂಡಿಗೆ ೭೦೦ ಮೆಗಾಬೈಟ್ ಬೇಕಾದರೆ ಒಬ್ಬ ಆಳು ದುಡಿಯುವನು, ಮೂವರು ಕಟ್ಟೆಯ ಮೇಲೆ ಕೂಡ್ರುವರು. ತುಂಡುಗಳ ಪಟ್ಟಿಯಲ್ಲಿ 'ಸ್ಮೃತಿಗಾಗಿ ಕಾಯುತ್ತಿದೆ' ಎಂಬರ್ಥದ ಮಾತು ಕಂಡರೆ ರೋಗ ಇದೇ. ಅದೇ ಯಂತ್ರಕ್ಕೆ ಎಂಟು ಗಿಗಾಬೈಟ್ ಕೂಡ್ರಿಸಿದರೆ ಅರ್ಧವೆಂದರೆ ನಾಲ್ಕು. ನಾಲ್ಕು ತುಂಡುಗಳಿಗೆ ಬೇಕಾದದ್ದು ೨.೮, ಎಲ್ಲರೂ ಕೆಲಸಕ್ಕೆ ಹತ್ತುವರು. ಆದರೆ ಎಲ್ಲ ಯೋಜನೆಗಳೂ ಇಷ್ಟು ಕೇಳುವದಿಲ್ಲ. ಕೆಲವಕ್ಕೆ ತುಂಡಿಗೆ ನೂರಿನ್ನೂರು ಮೆಗಾಬೈಟ್ ಸಾಕು; ಹವಾಮಾನದ ಕೆಲವು ಎಣಿಕೆಗಳಿಗೆ ಒಂದೊಂದಕ್ಕೇ ಹಲವು ಗಿಗಾಬೈಟ್ ಬೇಕು. ಸಣ್ಣ ತುಂಡುಗಳ ಯೋಜನೆಗೆ ಸೇರಿದವರು ಸ್ಮೃತಿಯನ್ನು ಹೆಚ್ಚಿಸಿದರೆ ವೇಗವು ಹೆಚ್ಚದು. ಹಣ ಕೊಡುವ ಮೊದಲು ಇದನ್ನು ವಿಚಾರಿಸಬೇಕು.

ಯಾವ ಪಟ್ಟಿಯನ್ನು ಕೊಳ್ಳಬೇಕು? ಇಲ್ಲಿಯೇ ಬಹಳ ಜನರ ಹಣ ಹಾಳಾಗುವದು. ಸ್ಮೃತಿಯ ಪಟ್ಟಿಗಳಿಗೆ ಪೀಳಿಗೆಗಳಿವೆ: ಡಿ.ಡಿ.ಆರ್. ೨, ೩, ೪, ೫. ಒಂದರ ಸ್ಥಾನದಲ್ಲಿ ಇನ್ನೊಂದು ಕೂಡ್ರದು. ಡಿ.ಡಿ.ಆರ್. ೨ಕ್ಕೂ ೩ಕ್ಕೂ ಮೇಜಿನ ಯಂತ್ರಗಳಲ್ಲಿ ೨೪೦ ಕಾಲುಗಳೇ ಇದ್ದರೂ ಅಂಚಿನ ಕಚ್ಚು ಬೇರೆ ಕಡೆಗಿದೆ, ಮೊದಲನೆಯದಕ್ಕೆ ೧.೮ ವೋಲ್ಟು, ಎರಡನೆಯದಕ್ಕೆ ೧.೫. ಡಿ.ಡಿ.ಆರ್. ೪ಕ್ಕೆ ೨೮೮ ಕಾಲುಗಳು, ೧.೨ ವೋಲ್ಟು. ಲ್ಯಾಪ್‌ಟಾಪಿನ ಪಟ್ಟಿಗಳು ಗಿಡ್ಡವಾದವು, ಅವುಗಳ ಎಣಿಕೆಯೇ ಬೇರೆ. ಇರುವ ಪಟ್ಟಿಯ ಮೇಲಿನ ಚೀಟಿಯಲ್ಲಿ ಪಿ.ಸಿ. ೨, ಪಿ.ಸಿ. ೩, ಪಿ.ಸಿ. ೪ ಎಂದು ಬರೆದಿರುವದನ್ನು ಓದಿದರೆ ಪೀಳಿಗೆ ತಿಳಿಯುವದು. ವಿಜಯಪುರಕ್ಕೋ ಸೋಲಾಪುರಕ್ಕೋ ಹೋಗುವಾಗ ಆ ಹಳೆಯ ಪಟ್ಟಿಯನ್ನೇ ಕಾಗದದಲ್ಲಿ ಸುತ್ತಿ ಒಯ್ದು ಅಂಗಡಿಯವರಿಗೆ ತೋರಿಸುವದು ಉತ್ತಮ. ಅಂಗಿ ಹೊಲಿಸುವಾಗ ಅಳತೆಯ ಅಂಗಿ ಒಯ್ದಂತೆ. ಮದರ್‌ಬೋರ್ಡು ಒಟ್ಟು ಎಷ್ಟನ್ನು ಹೊರಬಲ್ಲುದೆಂದೂ ನೋಡಬೇಕು. ದೊಡ್ಡ ಸರ್ವರುಗಳಿಂದ ಬಿಚ್ಚಿದ ರಜಿಸ್ಟರ್ಡ್ ಪಟ್ಟಿಗಳು ಪೇಟೆಯಲ್ಲಿ ಅಗ್ಗವಾಗಿ ಸಿಗುವವು. ಅವು ಮನೆಯ ಯಂತ್ರದಲ್ಲಿ ನಡೆಯುವದಿಲ್ಲ. ೩೨ ಬಿಟ್ಟಿನ ಕಾರ್ಯವ್ಯವಸ್ಥೆಯು ಸಾಮಾನ್ಯವಾಗಿ ೪,೨೯,೪೯,೬೭,೨೯೬ ಬೈಟುಗಳಿಗಿಂತ, ಅಂದರೆ ನಾಲ್ಕು ಗಿಗಾಬೈಟಿಗಿಂತ ಆಚೆಗೆ ಎಣಿಸಲಾರದು. ಹಾಗಿದ್ದಲ್ಲಿ ಎಂಟನ್ನು ಹಾಕುವ ಮೊದಲು ೬೪ ಬಿಟ್ಟಿನ ವ್ಯವಸ್ಥೆಯನ್ನು ಸ್ಥಾಪಿಸಬೇಕು. ಹಳೆಯ ಯಂತ್ರಕ್ಕೆ ಉಚಿತವಾದ ಲಿನಕ್ಸನ್ನು ಹಾಕುವದೇ ನಮ್ಮ ಮತದಲ್ಲಿ ಲೇಸು. ಬೋಯಿಂಕ್ ಅದರಲ್ಲಿ ಚೆನ್ನಾಗಿ ನಡೆಯುವದು.

ಕೂಡ್ರಿಸುವ ಕ್ರಮವು ಕಠಿಣವಲ್ಲ. ಒಂಬತ್ತನೆಯ ಇಯತ್ತೆಯ ಹುಡುಗಿಯು ಅರ್ಧ ತಾಸಿನಲ್ಲಿ ಕಲಿಯುವಳು. ಯಂತ್ರವನ್ನು ನಿಲ್ಲಿಸಿ ತಂತಿಯನ್ನು ಗೋಡೆಯಿಂದ ಕಿತ್ತು, ಅನಂತರ ಚಾಲೂ ಮಾಡುವ ಗುಂಡಿಯನ್ನು ಒಂದು ಸಾರೆ ಒತ್ತಿ ಒಳಗೆ ಉಳಿದ ವಿದ್ಯುತ್ತನ್ನು ಬಿಟ್ಟುಬಿಡಬೇಕು. ಪಕ್ಕದ ಮುಚ್ಚಳವನ್ನು ತೆಗೆದು ಕರಿಯ ಎರೆಮಣ್ಣಿನ ಧೂಳನ್ನು ಮೃದುವಾದ ಬ್ರಶ್ಶಿನಿಂದ ಒರಸಬೇಕು. ನಮ್ಮ ಕಡೆಯ ಒಣ ಗಾಳಿಯಲ್ಲಿ, ವಿಶೇಷವಾಗಿ ಚಳಿಗಾಲದಲ್ಲಿ, ನೈಲಾನು ಉಣ್ಣೆಗಳ ತಿಕ್ಕಾಟದಿಂದ ಮೈಯಲ್ಲಿ ವಿದ್ಯುತ್ತು ಸೇರುವದು. ಬೆರಳಿಗೆ ಗೊತ್ತಾಗದಷ್ಟು ಸಣ್ಣ ಕಿಡಿಯೂ ಸ್ಮೃತಿಯನ್ನು ಕೊಲ್ಲಬಲ್ಲುದು. ಹತ್ತಿಯ ಬಟ್ಟೆ ಉಟ್ಟು, ಯಂತ್ರದ ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ್ಗೆ ಮುಟ್ಟುತ್ತ ಕೆಲಸ ಮಾಡಬೇಕು. ಪಟ್ಟಿಯನ್ನು ಅಂಚು ಹಿಡಿದು ಎತ್ತಬೇಕು. ಬಂಗಾರದ ಬಣ್ಣದ ಕಾಲುಗಳನ್ನು ಮುಟ್ಟಬಾರದು. ಹಳೆಯ ಪಟ್ಟಿಯ ಕಾಲುಗಳು ಮಸುಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ತಿಕ್ಕಿ ಪುಡಿಯನ್ನು ಊದದೆ ಒರಸಿ ತೆಗೆಯಬೇಕು; ಸತ್ತಿತೆಂದು ಬಿಟ್ಟ ಎಷ್ಟೋ ಯಂತ್ರಗಳು ಇಷ್ಟರಿಂದಲೇ ಎದ್ದಿವೆ. ಸ್ಲಾಟಿನ ಎರಡೂ ತುದಿಯ ಹಿಡಿಗಳನ್ನು ಹೊರಕ್ಕೆ ತೆರೆದು, ಕಚ್ಚಿಗೆ ಕಚ್ಚು ಕೂಡಿಸಿ, ಎರಡೂ ತುದಿಗಳನ್ನು ಸಮನಾಗಿ ಒತ್ತಿದರೆ ಹಿಡಿಗಳು ಟಕ್ಕೆಂದು ತಾವೇ ಮುಚ್ಚಿಕೊಳ್ಳುವವು. ಕೂಡ್ರದಿದ್ದರೆ ಬಲವನ್ನು ಹೆಚ್ಚಿಸದೆ ಕಚ್ಚನ್ನು ಮತ್ತೆ ನೋಡಬೇಕು. ಸಮಾನವಾದ ಎರಡು ಪಟ್ಟಿಗಳಿದ್ದರೆ ಒಂದೇ ಬಣ್ಣದ ಎರಡು ಸ್ಲಾಟುಗಳಿಗೆ ಹಾಕುವದು ರೂಢಿ. ಜೋಡೆತ್ತಿನಂತೆ ಅವು ಕೂಡಿ ಎಳೆಯುವವು. ವೇಗ ಬೇರೆಯಾದ ಪಟ್ಟಿಗಳನ್ನು ಕೂಡಿಸಿದರೆ ಎರಡೂ ನಿಧಾನಿಯ ನಡಿಗೆಗೆ ಇಳಿಯುವವು.

ಹೊಸ ಪಟ್ಟಿಯನ್ನು ಕೂಡ್ರಿಸಿದ ಮೇಲೆ ಪರೀಕ್ಷೆ ಮಾಡದೆ ಶಾಸ್ತ್ರದ ಕೆಲಸಕ್ಕೆ ಹಚ್ಚಬಾರದು. ಮೆಮ್‌ಟೆಸ್ಟ್ ಎಂಬ ಉಚಿತ ತಂತ್ರಾಂಶವು ಪ್ರತಿಯೊಂದು ಕೋಣೆಯಲ್ಲಿಯೂ ಅಂಕಿಗಳನ್ನು ಬರೆದು ಓದಿ ಹೋಲಿಸುವದು. ಅದನ್ನು ಒಂದು ರಾತ್ರಿ ಓಡಿಸಬೇಕು. ಪತ್ರ ಬರೆಯುವಾಗ ಒಂದು ಅಂಕಿ ತಿರುವುಮುರುವಾದರೆ ಅಕ್ಷರವೊಂದು ಕೆಟ್ಟೀತು. ಪ್ರೋಟೀನಿನ ಲೆಕ್ಕದಲ್ಲಿ ಅದೇ ತಪ್ಪು ಇಡೀ ತುಂಡನ್ನು ಕೆಡಿಸುವದು, ಮತ್ತೊಬ್ಬರ ದುಡಿತವನ್ನೂ ಮರಳಿ ಬೇಡುವದು.

ಖರ್ಚಿನ ಮಾತನ್ನು ಮುಚ್ಚಿಡಬಾರದು. ನೂರು ವಾಟಿನ ಯಂತ್ರವು ಹತ್ತು ತಾಸು ನಡೆದರೆ ಒಂದು ಯುನಿಟು. ಹಗಲಿರುಳು ಬಿಟ್ಟರೆ ತಿಂಗಳಿಗೆ ೭೨ ಯುನಿಟುಗಳಾಗುವವು. ಶಾಲೆಯ ಸಮಯದಲ್ಲಿ ದಿನಕ್ಕೆ ಐದು ತಾಸಿನಂತೆ ಇಪ್ಪತ್ತೆರಡು ದಿನ ನಡಿಸಿದರೆ ೧೧. ಅದರಲ್ಲಿಯೂ ಹೆಚ್ಚಿನ ಪಾಲು ಮಕ್ಕಳ ಅಭ್ಯಾಸಕ್ಕಾಗಿ ಹೇಗಾದರೂ ಆಗತಕ್ಕದ್ದೇ. ೨೦೨೩ರಿಂದ ಗೃಹಜ್ಯೋತಿ ಯೋಜನೆಯಲ್ಲಿ ಅನೇಕ ಮನೆಗಳಿಗೆ ಶೂನ್ಯ ಬಿಲ್ಲು ಬರುತ್ತಿದೆಯೆಂದು ಯಂತ್ರವನ್ನು ರಾತ್ರಿಯೆಲ್ಲ ಓಡಿಸುವವರಿದ್ದಾರು. ಬಿಲ್ಲು ಶೂನ್ಯವಾದರೂ ಬೆಲೆ ಶೂನ್ಯವಲ್ಲ. ಅದು ಎಲ್ಲರ ತೆರಿಗೆಯ ಹಣ. ತೀರ ಹಳೆಯ, ಪೆಂಟಿಯಮ್ ೪ರ ಕಾಲದ ಯಂತ್ರಗಳು ಹೆಚ್ಚು ವಿದ್ಯುತ್ತನ್ನುಂಡು ಕಡಿಮೆ ದುಡಿಯುವವು. ಅವಕ್ಕೆ ಸ್ಮೃತಿ ಕೊಳ್ಳುವದು ಬರಡೆಮ್ಮೆಗೆ ಹಿಂಡಿ ಹಾಕಿದಂತೆ. ಈ ಸೇವೆಗಾಗಿಯೇ ಹೊಸ ಯಂತ್ರವನ್ನು ಕೊಳ್ಳುವದನ್ನೂ ನಾವು ಒಪ್ಪುವದಿಲ್ಲ. ೨೦೨೫ರ ಕೊನೆಗೆ ಕೃತಕ ಬುದ್ಧಿಯ ಯಂತ್ರಾಗಾರಗಳ ಬೇಡಿಕೆಯಿಂದ ಸ್ಮೃತಿಯ ಬೆಲೆಯು ಏಕಾಏಕಿ ಏರಿತೆಂಬುದನ್ನೂ ಮರೆಯಬಾರದು. ಇರುವ ಯಂತ್ರಕ್ಕೆ ಬಿಚ್ಚಿದ ಪಟ್ಟಿಯೊಂದು ದೊರೆತರೆ ಸಾಕು.

ನಮ್ಮ ಬೇಸಿಗೆ ಎಲ್ಲರಿಗೂ ಗೊತ್ತು. ನಾಲ್ವತ್ತು ಡಿಗ್ರಿ ದಾಟಿದ ದಿನಗಳಲ್ಲಿ ನಾಲ್ಕು ತಿರುಳುಗಳನ್ನೂ ದುಡಿಸಬಾರದು; ಎರಡಕ್ಕೆ ಇಳಿಸಲು ಬೋಯಿಂಕಿನಲ್ಲಿ ಅನುಕೂಲವಿದೆ. ಏಪ್ರಿಲ ಮೇ ತಿಂಗಳುಗಳಲ್ಲಿ ಪೂರ್ತಿ ನಿಲ್ಲಿಸಿದರೂ ಯಾರೂ ಆಕ್ಷೇಪಿಸರು. ಕರೆಂಟು ಹೋಗುವ ಭಯ ಬೇಡ. ಬಹಳಷ್ಟು ಯೋಜನೆಗಳ ತುಂಡುಗಳು ಆಗಾಗ್ಗೆ ತಮ್ಮ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ನಿಂತಲ್ಲಿಂದಲೇ ಮತ್ತೆ ಹೊರಡುವವು. ಮೊಬೈಲಿನ ಅಂತರ್ಜಾಲವನ್ನೇ ನಂಬಿದವರು ಹವಾಮಾನದಂಥ ದೊಡ್ಡ ಕಡತಗಳ ಯೋಜನೆಯನ್ನು ಬಿಟ್ಟು ಸಣ್ಣದನ್ನು ಆರಿಸ್ಕೊಳ್ಳಬೇಕು. ಆಂಡ್ರಾಯ್ಡ್ ಫೋನಿನಲ್ಲಿಯೂ ೨೦೧೩ರಿಂದ ಬೋಯಿಂಕ್ ನಡೆಯುವದು, ಚಾರ್ಜಿಗೆ ಹಚ್ಚಿದಾಗ ಮಾತ್ರ. ಆದರೆ ಫೋನಿನ ಸ್ಮೃತಿಯನ್ನು ಹೆಚ್ಚಿಸಲು ಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳುವೆವು. ಪರರ ಯಂತ್ರದಲ್ಲಿ, ಕಚೇರಿಯ ಯಂತ್ರದಲ್ಲಿ, ಒಡೆಯರ ಅಪ್ಪಣೆಯಿಲ್ಲದೆ ಇದನ್ನು ಹಾಕಕೂಡದು. ಅಮೇರಿಕೆಯ ಜಾರ್ಜಿಯಾ ಪ್ರಾಂತದಲ್ಲಿ ಒಂದು ವಿದ್ಯಾಲಯದ ಯಂತ್ರಗಳ ನಿರ್ವಾಹಕನು ಕೇಳದೆ ಇಂಥ ತಂತ್ರಾಂಶವನ್ನು ಹಾಕಿದ್ದಕ್ಕಾಗಿ ಅವನ ಮೇಲೆ ಫೌಜದಾರಿ ಖಟ್ಲೆಯೇ ನಡೆದು, ೨೦೦೨ರಲ್ಲಿ ದಂಡದೊಂದಿಗೆ ರಾಜಿಯಾಯಿತು. ಒಳ್ಳೆಯ ಕೆಲಸಕ್ಕೂ ಅಪ್ಪಣೆ ಬೇಕು. ಹೆಸರು ನೋಂದಿಸುವಾಗ ಶಾಲೆಯ ಪರವಾಗಿ ಒಬ್ಬ ಶಿಕ್ಷಕಿಯು ನೋಂದಿಸಬೇಕೇ ಹೊರತು ಮಕ್ಕಳ ಹೆಸರು, ವಿಳಾಸಗಳನ್ನು ಕೊಡಬಾರದು. ತಂತ್ರಾಂಶವನ್ನು ಬೋಯಿಂಕಿನ ಸ್ವಂತ ಸ್ಥಳದಿಂದಲೇ ಇಳಿಸಿಕೊಳ್ಳಬೇಕು.

ಇದರಿಂದ ಹುಡುಗಿಯರಿಗೆ ಅಂಕಗಳು ಬರುವವೋ ಎಂದು ಪಾಲಕರು ಕೇಳುವದು ಸಹಜ. ಬರುವದಿಲ್ಲ. ಯೋಜನೆಗಳು ಕೊಡುವ ಕ್ರೆಡಿಟ್ಟುಗಳಿಗೆ ಹಣದ ಬೆಲೆಯಿಲ್ಲ, ಕಾಲೇಜಿನ ಪ್ರವೇಶಕ್ಕೂ ಅವು ನಡೆಯುವದಿಲ್ಲ. ಆದರೆ ಸ್ಮೃತಿಯು ಹೆಚ್ಚಿದ ಯಂತ್ರದಲ್ಲಿ ಮೊದಲು ಲಾಭ ಹೊಂದುವವಳು ಓದುವ ಹುಡುಗಿಯೇ. ಎರಡು ಗಿಗಾಬೈಟಿನಲ್ಲಿ ಒಂದು ಪಾಠದ ಚಿತ್ರ ತೆರೆಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಎಂಟರಲ್ಲಿ ಅವಳು ಟಿಪ್ಪಣಿಯನ್ನೂ ಚಿತ್ರವನ್ನೂ ಜೊತೆಗೆ ತೆರೆದಿಟ್ಟುಕೊಳ್ಳಬಲ್ಲಳು. ಅವಳು ಏಳುವ ತನಕ ಬೋಯಿಂಕ್ ಹಿಂದೆ ಸರಿದಿರುವಂತೆ ಗೊತ್ತುಮಾಡಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿ, ನಕ್ಷತ್ರಗಳಿಗಾಗಿ ಯಂತ್ರವನ್ನು ಕೊಟ್ಟು ಹುಡುಗಿಯನ್ನು ಕಾಯಿಸುವವರನ್ನು ನಾವು ಸೇವಾವಂತರೆಂದು ಎಣಿಸೆವು.

ಮುಚ್ಚಳವನ್ನು ತೆರೆಯುವವರು ಯಾರೆಂಬುದೂ ಸಣ್ಣ ಮಾತಲ್ಲ. ಯಂತ್ರವು ಕೆಟ್ಟರೆ ಪೇಟೆಯಿಂದ ಒಬ್ಬ ಗಂಡಸು ಬಂದು, ಹುಡುಗಿಯರನ್ನು ಕೋಣೆಯ ಹೊರಗೆ ನಿಲ್ಲಿಸಿ, ರಿಪೇರಿ ಮಾಡಿಹೋಗುವದು ಅನೇಕ ಶಾಲೆಗಳ ವಾಡಿಕೆ. ಇದರಿಂದ ಯಂತ್ರವು ಸರಿಯಾಗುವದು, ಹುಡುಗಿಯ ಅಂಜಿಕೆಯು ಹಾಗೆಯೇ ಉಳಿಯುವದು. ಸ್ಮೃತಿಯ ಪಟ್ಟಿಯನ್ನು ಕೂಡ್ರಿಸುವ ಕೆಲಸವು ಮೊದಲ ಪಾಠಕ್ಕೆ ಬಹು ಯೋಗ್ಯವಾದದ್ದು. ಸ್ಕ್ರೂ ಬಿಟ್ಟರೆ ಬೇರೆ ಹತಾರ ಬೇಡ, ತಪ್ಪಿದರೆ ಕಚ್ಚೇ ತಡೆಯುವದು. ಶಿಕ್ಷಕಿಯು ಹತ್ತಿರ ನಿಂತು, ಸರದಿಯಂತೆ ಪ್ರತಿಯೊಬ್ಬಳ ಕೈಯಿಂದಲೂ ಒಂದು ಸಾರೆ ಪಟ್ಟಿಯನ್ನು ತೆಗೆಸಿ ಹಾಕಿಸಬೇಕು. ಯಂತ್ರದ ಮೇಲೆ ಚೀಟಿ ಅಂಟಿಸಿ ತಾರೀಖು, ಎಷ್ಟು ಗಿಗಾಬೈಟು, ಕೂಡ್ರಿಸಿದವಳ ಹೆಸರು ಇಷ್ಟನ್ನೂ ಬರೆಯಿಸಬೇಕು. ಲಪೋತಳ ಕಥೆಯನ್ನೋದಿದವರಿಗೆ ಕೊನೆಯದರ ಕಾರಣವನ್ನು ಹೇಳಬೇಕಾಗಿಲ್ಲ.

ಹೊಸದನ್ನು ಹಾಕಿದಾಗ ಹೊರಬಂದ ಹಳೆಯ ಪಟ್ಟಿಗಳನ್ನು ಕಸಕ್ಕೆ ಎಸೆಯಬಾರದು. ಎರಡು ಗಿಗಾಬೈಟಿನ ಎರಡು ಪಟ್ಟಿಗಳು ಕೂಡಿ ಇನ್ನೊಂದು ಬಡ ಯಂತ್ರಕ್ಕೆ ನಾಲ್ಕಾಗುವವು. ಸೋಲಾಪುರ, ಪುಣೆ, ಬೆಂಗಳೂರುಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿಯೂ ಇಂಥವು ಬಿದ್ದಿರಬಹುದು. ಹೊಳೆಯುವ ಕಾಗದದ ಚೀಲ ಸಿಗದಿದ್ದರೆ ಒಣಗಿದ ಸಾದಾ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಹಾಕದೆ, ಮೇಲೆ ಪೀಳಿಗೆ, ಗಿಗಾಬೈಟು, ಮೇಜಿನದೋ ಲ್ಯಾಪ್‌ಟಾಪಿನದೋ ಎಂಬುದನ್ನು ಬರೆದು ರಟ್ಟಿನ ಡಬ್ಬಿಯಲ್ಲಿಟ್ಟು ಶಾಲೆಗೆ ಕಳಿಸಿಕೊಡಬಹುದು. ಡಿ.ಡಿ.ಆರ್. ೩ರ ಪಟ್ಟಿಗಳಿದ್ದರೆ ಅವು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವವು.